ಚಿಂಚೋಳಿ, ಬೀದರ್, ಶಹಾಪುರದ ಗುಡ್ಡಗಳಿಗೆ ಯಾವಾಗ ಹೋಗಬೇಕು, ಏನು ನೋಡಬೇಕು?

ಪ್ರಶ್ನೆ: ನಾವು ಆಳಂದದವರು. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಊಟಿಗೋ ಚಿಕ್ಕಮಗಳೂರಿಗೋ ಹೋಗಿಬರುತ್ತಿದ್ದೆವು. ಈಗ ತಂದೆಯವರಿಗೆ ಮೊಣಕಾಲು ನೋವು, ದೂರದ ಪ್ರಯಾಣ ಆಗುವುದಿಲ್ಲ. ಮಕ್ಕಳಲ್ಲಿ ಒಬ್ಬನಿಗೆ ಹದಿಮೂರು, ಒಬ್ಬಳಿಗೆ ಒಂಬತ್ತು. ಚಿಂಚೋಳಿಯ ಎತ್ತಿಪೋತ ಜಲಪಾತದ ವಿಡಿಯೊ ನೋಡಿ, ಏಪ್ರಿಲ್‌ನಲ್ಲಿ ಮೂರು ದಿನ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬೆಟ್ಟಗುಡ್ಡಗಳನ್ನೇ ಸುತ್ತೋಣ ಎಂದುಕೊಂಡಿದ್ದೇವೆ. ಶಹಾಪುರದ ಬುದ್ಧನ ಬೆಟ್ಟ ಹತ್ತಬಹುದೇ? ಕಾಡಿನಲ್ಲಿ ಟೆಂಟ್ ಹಾಕಲು ಅವಕಾಶ ಇದೆಯೇ? ನಿಜಕ್ಕೂ ನೋಡುವಂಥದ್ದು ನಮ್ಮ ಕಡೆ ಇದೆಯೇ?

ಉತ್ತರ: ಮೊದಲು ತಿಂಗಳಿನ ಮಾತು ಮುಗಿಸಿಬಿಡೋಣ. ಏಪ್ರಿಲ್‌ನಲ್ಲಿ ಎತ್ತಿಪೋತಕ್ಕೆ ಹೋದರೆ ನಿಮಗೆ ಕಾಣುವುದು ಒಣಗಿದ ಕಲ್ಲಿನ ಗೋಡೆ, ಅದರ ಬುಡದಲ್ಲಿ ಪಾಚಿಗಟ್ಟಿದ ಒಂದಿಷ್ಟು ನೀರು, ಸುತ್ತ ಎಲೆ ಉದುರಿಸಿ ನಿಂತ ಮರಗಳು. ನೀವು ನೋಡಿದ ವಿಡಿಯೊ ಮಳೆಗಾಲದ್ದು. ಅಂಥ ವಿಡಿಯೊಗಳಲ್ಲಿ ದಾರಿ ಹೇಳುತ್ತಾರೆ, ಹಾಡು ಹಾಕುತ್ತಾರೆ, ತಿಂಗಳು ಮಾತ್ರ ಹೇಳುವುದಿಲ್ಲ. ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಆ ಬಿಸಿಲಿನಲ್ಲಿ ವಯಸ್ಸಾದವರನ್ನೂ ಒಂಬತ್ತರ ಮಗುವನ್ನೂ ಕಲ್ಲುಗುಡ್ಡಕ್ಕೆ ಕರೆದೊಯ್ಯುವುದು ಬೇಡ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ದಸರಾ ರಜೆ ಬರುವ ಹೊತ್ತಿಗೆ ಹಳ್ಳಗಳು ಇನ್ನೂ ಹರಿಯುತ್ತಿರುತ್ತವೆ, ಕೆರೆಗಳು ತುಂಬಿರುತ್ತವೆ, ಗುಡ್ಡದ ಮೇಲೆ ಸೀತಾಫಲ ಹಣ್ಣಾಗುತ್ತಿರುತ್ತದೆ. ನಿಮ್ಮ ಮೂರು ದಿನಗಳನ್ನು ಆ ರಜೆಗೆ ತೆಗೆದಿಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನೋಡುವಂಥದ್ದು ಇದೆ, ಬೇಕಾದಷ್ಟಿದೆ. ಆದರೆ ಎತ್ತರ ಮತ್ತು ತಂಪು ಹುಡುಕಿಕೊಂಡು ಹೊರಟವರು ನಿರಾಶರಾಗುತ್ತಾರೆ. ಊಟಿ ಏಳು ಸಾವಿರ ಅಡಿಗೂ ಮೇಲಿದೆ. ಕಲಬುರಗಿ ಸುಮಾರು ಸಾವಿರದ ಐನೂರು ಅಡಿ, ಬೀದರ್ ಎರಡು ಸಾವಿರ ದಾಟಿ ಒಂದಿಷ್ಟು. ಎತ್ತರದ ಲೆಕ್ಕದಲ್ಲಿ ನಾವು ಸೋತವರೇ. ನಮ್ಮ ಕಡೆಯ ಸೊಗಸು ಕಲ್ಲಿನಲ್ಲಿದೆ, ಆ ಕಲ್ಲು ನೀರಿಗೆ ಏನು ಮಾಡುತ್ತದೆ ಎಂಬುದರಲ್ಲಿದೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಕಲ್ಲುಗಳು ಅಕ್ಕಪಕ್ಕದಲ್ಲಿ ಸಿಗುವುದು ಕರ್ನಾಟಕದಲ್ಲಿ ಅಪರೂಪ. ಬೀದರಿನ ನೆತ್ತಿಯ ಮೇಲೆ ಲ್ಯಾಟರೈಟ್ ಎಂಬ ಕೆಂಪು ಕಲ್ಲು. ಅದರ ಕೆಳಗೆ, ನಿಮ್ಮ ಆಳಂದದ ಎರೆ ಹೊಲಗಳ ಅಡಿಯಲ್ಲೂ ಇರುವ ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದದ್ದು. ಸೇಡಂ, ಚಿತ್ತಾಪುರ, ಶಹಾಬಾದಗಳಲ್ಲಿ ಸುಣ್ಣದ ಕಲ್ಲು, ಅಂದರೆ ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರ್ಷಿ. ಇನ್ನೂ ದಕ್ಷಿಣಕ್ಕೆ ಹೋದರೆ ಭೀಮಾ ನದಿಯ ಈಚೆ ಯಾದಗಿರಿ, ಆಚೆ ಶಹಾಪುರ, ಸುರಪುರಗಳ ಗ್ರಾನೈಟ್ ಗುಡ್ಡಗಳು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಲ್ಯಾಟರೈಟ್ ನೀರನ್ನು ಕುಡಿದು ಝರಿಯಾಗಿ ಹೊರಬಿಡುತ್ತದೆ. ಕರಿಕಲ್ಲಿನ ಪ್ರಸ್ಥಭೂಮಿಯ ಅಂಚು ಮುರಿದಲ್ಲಿ ಹಳ್ಳ ಧುಮುಕುತ್ತದೆ. ಗ್ರಾನೈಟ್ ಒಂದು ಹನಿಯನ್ನೂ ಒಳಕ್ಕೆ ಬಿಟ್ಟುಕೊಳ್ಳದೆ ಬುಡದ ಕೆರೆಗೆ ದಬ್ಬುತ್ತದೆ. ಇಷ್ಟು ಗೊತ್ತಿದ್ದರೆ ಯಾವ ಊರಿಗೆ ಯಾವ ತಿಂಗಳು ಹೋಗಬೇಕು ಎಂದು ನೀವೇ ಲೆಕ್ಕ ಹಾಕಬಹುದು.

ಚಿಂಚೋಳಿಯಿಂದ ಆರಂಭಿಸುತ್ತೇನೆ, ನಿಮ್ಮ ಮನಸ್ಸು ಇರುವುದು ಅಲ್ಲೇ. ಕಲಬುರಗಿಯಿಂದ ಸುಮಾರು ಎಂಬತ್ತೈದು ಕಿಲೋಮೀಟರ್. ಊರು ಮುಟ್ಟುವವರೆಗೂ ತೊಗರಿ ಹೊಲಗಳ ಬಯಲು, ಬೆಟ್ಟದ ಸುಳಿವೇ ಇಲ್ಲ. ಚಿಂಚೋಳಿ ದಾಟಿ ಕುಂಚಾವರಂ ಕಡೆಗೆ ತಿರುಗಿದ ಮೇಲೆ ನೆಲ ಏಳುತ್ತದೆ, ರಸ್ತೆಯ ಅಂಚಿನ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಅಲ್ಲಿಂದ ಕಾಡು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಅರಣ್ಯವನ್ನು ಚಿಂಚೋಳಿ ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ಇದು ಒಣಭೂಮಿಯ ಕಾಡು. ಆಗುಂಬೆಯ ಕತ್ತಲೆಗಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಬೇಸಿಗೆಯಲ್ಲಿ ಮರಗಳು ಎಲೆ ಉದುರಿಸಿ ಬರಿ ಕೊಂಬೆಯಾಗಿ ನಿಲ್ಲುತ್ತವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆಯಿಲ್ಲದ ಮುತ್ತುಗದ ಮರಗಳು ಕೇಸರಿ ಹೂವು ಹೊತ್ತುಕೊಳ್ಳುವುದನ್ನು ಬಿಟ್ಟರೆ ಆ ಕಾಲದಲ್ಲಿ ಬಣ್ಣ ಕಡಿಮೆ. ಸಾಗವಾನಿ, ಗಂಧ, ರಕ್ತಚಂದನ ಇವೆ. ತೋಳ, ಕತ್ತೆಕಿರುಬ, ನರಿ ಇವೆ. ಕಂಡೇ ಕಾಣುತ್ತವೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಇವು ಕತ್ತಲಾದ ಮೇಲೆ ಹೊರಡುವ, ಮನುಷ್ಯರ ಗಾಳಿ ಸೋಕಿದರೆ ಸರಿದುಹೋಗುವ ಪ್ರಾಣಿಗಳು. ಮಳೆ ನಿಂತ ಮಾರನೆಯ ಬೆಳಿಗ್ಗೆ ಕೆಸರು ದಾರಿಯಲ್ಲಿ ಹೆಜ್ಜೆಗುರುತು ಹುಡುಕಲು ಹೇಳಿ. ಮುಂಗಾಲಿನ ಗುರುತು ದೊಡ್ಡದು, ಹಿಂಗಾಲಿನದು ಎದ್ದು ಕಾಣುವಷ್ಟು ಚಿಕ್ಕದು, ಎರಡರಲ್ಲೂ ಉಗುರಿನ ಮೊನೆ ಮೂಡಿದೆ ಎಂದರೆ ಅದು ಕತ್ತೆಕಿರುಬ ನಡೆದ ದಾರಿ. ಊರ ನಾಯಿಯ ಮುಂಗಾಲು ಹಿಂಗಾಲುಗಳಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ.

ಚಂದ್ರಂಪಳ್ಳಿ ಜಲಾಶಯಕ್ಕೆ ನಿಮ್ಮ ತಂದೆಯವರು ಧಾರಾಳವಾಗಿ ಬರಬಹುದು. ಸುತ್ತ ಗುಡ್ಡಗಳು, ನಡುವೆ ನೀರು, ಒಡ್ಡಿನ ಹತ್ತಿರದವರೆಗೆ ವಾಹನ. ಸಂಜೆ ನಾಲ್ಕರ ಮೇಲೆ ಅಲ್ಲಿ ಕುಳಿತರೆ ಬೇರೆ ಏನೂ ಮಾಡಬೇಕಿಲ್ಲ. ಅಲ್ಲಿ ಅರಣ್ಯ ಇಲಾಖೆಯ ಸುಪರ್ದಿಯಲ್ಲಿ ಉಳಿಯುವ ವ್ಯವಸ್ಥೆ ಇದೆ. ರಜೆಯ ದಿನಗಳಲ್ಲಿ ಮೊದಲೇ ಕಾಯ್ದಿರಿಸದೆ ಹೋಗಿ ಬಾಗಿಲು ಬಡಿದರೆ ಪ್ರಯೋಜನವಿಲ್ಲ. ಎತ್ತಿಪೋತ ಬೇರೆ ಸ್ವಭಾವದ್ದು. ಹಳ್ಳ ಮೇಲಿನ ಸಪಾಟು ನೆಲದಲ್ಲಿ ಸದ್ದಿಲ್ಲದೆ ಹರಿದು ಬಂದು, ಕಲ್ಲಿನ ಅಂಚು ಸಿಕ್ಕ ಕೂಡಲೇ ಕೆಳಕ್ಕೆ ಬೀಳುತ್ತದೆ. ಮೇಲಿನಿಂದ ನೋಡುವುದಕ್ಕೂ ಕೆಳಗಿಳಿದು ನೋಡುವುದಕ್ಕೂ ತುಂಬ ವ್ಯತ್ಯಾಸವಿದೆ. ತಂದೆಯವರಿಗೆ ಮೇಲಿನ ನೋಟ ಸಾಕು. ಹದಿಮೂರರ ಹುಡುಗ ಕೆಳಗಿಳಿಯಲಿ, ಆದರೆ ಜೊತೆಗೆ ದೊಡ್ಡವರೊಬ್ಬರು ಇರಲಿ. ಒದ್ದೆಯಾದ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವುದು ಖಚಿತ, ರಬ್ಬರ್ ಚಪ್ಪಲಿಯಾದರೆ ಇನ್ನೂ ಬೇಗ. ಧಾರೆ ಬೀಳುವ ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ. ಈಜು ಬಂದವರೂ ಇಳಿಯಬಾರದು. ಮೇಲಿನ ಕಡೆ ಮೋಡ ಕವಿದಿದ್ದರೆ, ಅಥವಾ ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ, ಫೋಟೊ ಬಿಟ್ಟು ಮೇಲೆ ಬನ್ನಿ. ಮೇಲೆಲ್ಲೋ ಮಳೆ ಬಿದ್ದಿದೆ ಎಂದು ಅದರ ಅರ್ಥ.

ಗೊಟ್ಟಂಗೊಟ್ಟವೂ ಅದೇ ಕಾಡಿನ ಅಂಚಿನಲ್ಲಿದೆ. ಗುಡ್ಡ, ಮರಗಳ ನೆರಳು, ಗುಡಿ. ದೇವಸ್ಥಾನಕ್ಕೆ ಹೋಗುವ ಅಭ್ಯಾಸವಿರುವ ತಂದೆಯವರಿಗೆ ಜಲಪಾತಕ್ಕಿಂತ ಇದೇ ಹಿಡಿಸಬಹುದು. ದಾರಿಯುದ್ದಕ್ಕೂ ಲಂಬಾಣಿ ತಾಂಡಾಗಳು. ದಾರಿ ತಪ್ಪಿದರೆ ಮೊಬೈಲ್ ನಕ್ಷೆಗಿಂತ ತಾಂಡಾದ ಹಿರಿಯರನ್ನು ಕೇಳುವುದು ಮೇಲು. ಕಾಡಿನೊಳಗೆ ಸಿಗ್ನಲ್ ಹೇಗೂ ಕೈಕೊಡುತ್ತದೆ. ಪೆಟ್ರೋಲ್, ಕುಡಿಯುವ ನೀರು, ಮಧ್ಯಾಹ್ನದ ಊಟ ಎಲ್ಲವನ್ನೂ ಚಿಂಚೋಳಿಯಲ್ಲೇ ತುಂಬಿಸಿಕೊಳ್ಳಿ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟರೆ ಇನ್ನೂ ನಿಶ್ಚಿಂತೆ.

ಈಗ ಬೀದರ್. ಬೀದರ್ ಎಂದರೆ ಕೋಟೆ ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ಆ ಕೋಟೆ ಅಲ್ಲೇ ಯಾಕೆ ಎದ್ದಿತು ಎಂದು ಕೇಳುವವರು ಕಡಿಮೆ. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಒಯ್ದ. ಕಾರಣಗಳು ಹಲವು ಇರಬಹುದು. ನೆಲ ನೋಡಿದವರಿಗೆ ಎರಡು ಕಾರಣ ಕಣ್ಣಿಗೇ ಕಾಣುತ್ತವೆ. ಪ್ರಸ್ಥಭೂಮಿಯ ಅಂಚು ಕಡಿದಾಗಿ ಇಳಿಯುವುದರಿಂದ ಮಂಜೀರಾ ಬಯಲಿನ ಕಡೆಯಿಂದ ಬರುವ ಶತ್ರು ದೂರದಿಂದಲೇ ಕಾಣುತ್ತಾನೆ. ಎರಡನೆಯದು ನೀರು. ಲ್ಯಾಟರೈಟ್ ತುಂಬ ತೂತುಗಳು. ಮಳೆನೀರು ಅದರ ಮೂಲಕ ಇಳಿದು, ಕೆಳಗಿನ ಜೇಡಿಯನ್ನೂ ಕರಿಕಲ್ಲನ್ನೂ ಮುಟ್ಟಿ ಮುಂದೆ ಹೋಗಲಾರದೆ ಅಡ್ಡಕ್ಕೆ ಹರಿಯುತ್ತದೆ. ಪ್ರಸ್ಥಭೂಮಿಯ ಅಂಚು ಬಂದಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರುನಾನಕ ಝೀರಾ, ನರಸಿಂಹ ಝರಣಿ, ಪಾಪನಾಶ ಎಲ್ಲವೂ ಈ ಅಂಚಿನ ಕೊಡುಗೆಗಳೇ. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಗುರುನಾನಕರು ಜನರ ನೀರಿನ ಕಷ್ಟ ಕಂಡು, ಕಲ್ಲನ್ನು ಪಾದದಿಂದ ಸರಿಸಿ ಸಿಹಿನೀರು ಬರಿಸಿದರು ಎಂಬುದು ಸಿಖ್ಖರ ನಂಬಿಕೆ. ಕಲ್ಲಿನ ಕಾರಣ ಗೊತ್ತಿದ್ದವರಿಗೂ ಸುತ್ತಲಿನ ಬಿಸಿಲ ನೆಲದ ನಡುವೆ ಆ ನೀರು ಕಂಡಾಗ ಕೈ ತಾನಾಗಿ ಮುಗಿಯುತ್ತದೆ. ತಲೆಗೆ ಬಟ್ಟೆ ಇರಲಿ, ಅಲ್ಲಿನ ಗುರುದ್ವಾರದ ಸಾಮೂಹಿಕ ಊಟವಾದ ಲಂಗರಿನಲ್ಲಿ ಕುಳಿತು ಊಟ ಮಾಡಿ. ಹೆಚ್ಚು ನಡೆಯಬೇಕಿಲ್ಲವಾದ್ದರಿಂದ ತಂದೆಯವರಿಗೂ ತೊಂದರೆಯಿಲ್ಲ.

ನರಸಿಂಹ ಝರಣಿಗೆ ಮಾತ್ರ ಅವರನ್ನು ಒಳಗೆ ಕರೆದೊಯ್ಯಬೇಡಿ. ಕಲ್ಲು ಕೊರೆದ ಸುರಂಗದಲ್ಲಿ ಸುಮಾರು ಮುನ್ನೂರು ಮೀಟರ್, ಸೊಂಟದಿಂದ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ಸೂರಿನಲ್ಲಿ ಬಾವಲಿಗಳು ತೂಗುತ್ತಿರುತ್ತವೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವವರಿದ್ದಾರೆ. ಜನದಟ್ಟಣೆಯ ದಿನ ಉಸಿರಾಟಕ್ಕೆ ಕಷ್ಟವಾಗುತ್ತದೆ, ಹಾಗಾಗಿ ಹಬ್ಬ, ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಹೋಗುವುದು ಲೇಸು. ಆ ದಿನ ಒಳಗೆ ಬಿಡುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹುಡುಗನಿಗೆ ನೌಬಾದಿನ ಸುರಂಗಬಾವಿ ತೋರಿಸಿ, ಇತಿಹಾಸವೂ ಭೂಗೋಳವೂ ಒಂದೇ ಕಡೆ ಸಿಗುತ್ತವೆ. ಕರೇಜ್ ಎನ್ನುವ ಈ ವಿದ್ಯೆ ಪರ್ಷಿಯಾದಿಂದ ಬಹಮನಿ ಕಾಲದಲ್ಲಿ ಬಂತು. ನೆಲದಡಿಯಲ್ಲಿ ಇಳಿಜಾರಾಗಿ ಕೊರೆದ ಸುಮಾರು ಮೂರು ಕಿಲೋಮೀಟರ್ ಕಾಲುವೆ, ಮೇಲಿನಿಂದ ಗಾಳಿಗೂ ಹೂಳೆತ್ತುವುದಕ್ಕೂ ಸಾಲಾಗಿ ತೋಡಿದ ಬಾವಿಗಳು. ಮೋಟಾರೂ ಇಲ್ಲ, ರಾಟೆಯೂ ಇಲ್ಲ. ನೀರು ತನ್ನ ಭಾರದಿಂದಲೇ ನಡೆಯುತ್ತದೆ. ಕರಿಕಲ್ಲಿನಲ್ಲಿ ಇಷ್ಟು ಉದ್ದ ಕೊರೆಯುವುದು ಆ ಕಾಲದ ಉಳಿ ಸುತ್ತಿಗೆಗೆ ದೊಡ್ಡ ಸಾಹಸ. ಲ್ಯಾಟರೈಟ್ ನೆಲದಡಿಯಲ್ಲಿ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಕೋಟೆಯ ಕಂದಕದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಒಂದರ ಪಕ್ಕ ಒಂದು, ಮೂರು ಸಾಲು ಕಂದಕ. ನಡುವಿನ ಗೋಡೆಗಳನ್ನು ಕಟ್ಟಿದ್ದಲ್ಲ, ಬಂಡೆಯನ್ನೇ ಕಡಿದು ಉಳಿಸಿದ್ದು. ಗೋಡೆಗೆ ಮುಖ ಹತ್ತಿರ ತನ್ನಿ. ಕಿರುಬೆರಳು ಹೋಗುವಂಥ ತೂತುಗಳು, ತೂತಿನೊಳಗೆ ಹಳದಿ ಜೇಡಿ, ಅಂಚಿನಲ್ಲಿ ಕೆಂಪು, ಅಲ್ಲಲ್ಲಿ ಮಾಗಿದ ನೇರಳೆಯ ಬಣ್ಣ. ಮಳೆ ಬಂದ ಮರುದಿನವಾದರೆ ಆ ತೂತುಗಳಿಂದ ನೀರು ಜಿನುಗುತ್ತಿರುತ್ತದೆ. ಒಂಬತ್ತರ ಹುಡುಗಿಗೆ ಅರಮನೆಯ ಗೈಡ್ ಹೇಳುವ ಕತೆಗಿಂತ ಇದೇ ನೆನಪಿನಲ್ಲಿ ಉಳಿಯುತ್ತದೆ. ಬೀದರಿ ಕಲೆಯ ಲೋಹಕ್ಕೆ ಆ ಕಪ್ಪು ಬಣ್ಣ ಬರುವುದೂ ಕೋಟೆಯ ಹಳೆಯ ಮಣ್ಣಿನಿಂದ ಎಂದು ಹೇಳಿ. ಊರಿನಲ್ಲಿ ಕೆಲಸ ಮಾಡುತ್ತಿರುವ ಕುಶಲಕರ್ಮಿಗಳು ಈಗಲೂ ಆ ಮಣ್ಣನ್ನೇ ಬಳಸುತ್ತಾರೆ.

ಶಹಾಪುರದ ವಿಷಯಕ್ಕೆ ಬರುತ್ತೇನೆ. ಮಲಗಿದ ಬುದ್ಧನನ್ನು ಹತ್ತಬಹುದೇ ಎಂದು ಕೇಳಿದ್ದೀರಿ. ಹತ್ತಿದರೆ ಬುದ್ಧ ಕಾಣುವುದಿಲ್ಲ. ಅದು ಒಂದು ಬೆಟ್ಟವಲ್ಲ. ಹಿಂದೆ ಮುಂದೆ ಇರುವ ಕೆಲವು ಗುಡ್ಡಗಳ ಅಂಚುಗಳು ಒಂದು ಕೋನದಿಂದ ಮಾತ್ರ ಕೂಡಿಕೊಂಡು ಹಣೆ, ಮೂಗು, ಎದೆ, ಹೊಟ್ಟೆಯಾಗಿ ತೋರುತ್ತವೆ. ಜೇವರ್ಗಿ ಕಡೆಯಿಂದ ಬರುವಾಗ ಭೀಮರಾಯನಗುಡಿ ಮತ್ತು ಶಹಾಪುರದ ನಡುವಿನ ಹೆದ್ದಾರಿಯೇ ಆ ಕೋನ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆ ಸ್ಪಷ್ಟ, ನಡುಮಧ್ಯಾಹ್ನ ಎಲ್ಲ ಕಲಸಿಹೋಗುತ್ತದೆ. ವಾಹನವನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಲಾರಿಗಳು ವೇಗವಾಗಿ ಬರುವ ರಸ್ತೆ ಅದು. ನಿಮ್ಮ ತಂದೆಯವರು ಕಾರಿನಲ್ಲಿ ಕುಳಿತೇ ಇಡೀ ನೋಟ ನೋಡಬಹುದು. ನಮ್ಮ ಭಾಗದ ಬಹಳ ಪ್ರಸಿದ್ಧ ಬೆಟ್ಟ ಮೊಣಕಾಲು ನೋವಿನವರಿಗೇ ಹೇಳಿ ಮಾಡಿಸಿದಂತಿದೆ.

ಆ ಗುಡ್ಡಗಳಿಗೆ ಆ ದುಂಡು ಬಂದದ್ದು ಹೀಗೆ. ನೆಲದಾಳದಲ್ಲಿ ಗಟ್ಟಿಯಾದ ಗ್ರಾನೈಟ್, ಮೇಲಿನ ಮಣ್ಣುಕಲ್ಲಿನ ಹೊರೆ ಸವೆದುಹೋದಂತೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಬಿರುಕುಗಳಲ್ಲಿ ನೀರು ಸೇರಿ ಮೂಲೆಗಳನ್ನು ತಿನ್ನುತ್ತದೆ. ಕೋಟಿಗಟ್ಟಲೆ ವರ್ಷ ಹೀಗೆ ನಡೆದ ಮೇಲೆ ಉಳಿಯುವುದು ದುಂಡು ಬಂಡೆ, ಬೋಳು ಗುಡ್ಡ. ಒಂದು ತುಂಡು ಕೈಗೆತ್ತಿಕೊಂಡರೆ ಮೂರು ಬಗೆಯ ಕಾಳು ಬರಿಗಣ್ಣಿಗೇ ಕಾಣುತ್ತವೆ: ಗಾಜಿನಂತೆ ಹೊಳೆಯುವುದು ಕ್ವಾರ್ಟ್ಜ್, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಕರಿ ಚುಕ್ಕೆಗಳು ಹೆಚ್ಚಾಗಿ ಅಭ್ರಕ. ಗುಡ್ಡದ ಬುಡದಲ್ಲಿ ಕೆರೆಗಳು ಯಾಕೆ ಇಷ್ಟಿವೆ ಎಂಬುದಕ್ಕೂ ಈ ಕಲ್ಲೇ ಉತ್ತರ. ಬೋಳುಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಕೆಳಗಿಳಿಯುತ್ತದೆ, ಅದನ್ನು ಹಿಡಿಯಲು ಹಿಂದಿನವರು ಒಡ್ಡು ಹಾಕಿದರು. ಕಲ್ಲುಗಣಿಗಾರಿಕೆ ಗುಡ್ಡ ತಿಂದರೆ ಹೋಗುವುದು ನೋಟವೊಂದೇ ಅಲ್ಲ, ಕೆರೆಯ ನೀರೂ ಹೋಗುತ್ತದೆ. ಶಹಾಪುರದಲ್ಲಿ ಗುಡ್ಡಗಳನ್ನು ನೋಡುವಾಗ ಈ ಮಾತು ನೆನಪಿಗೆ ಬಾರದೆ ಇರುವುದಿಲ್ಲ.

ಅಲ್ಲಿಂದ ಮುಂದೆ ಸುರಪುರ, ಗುಡ್ಡಗಳ ಮಡಿಲಲ್ಲಿ ಕುಳಿತ ಊರು. ಬೇಡ ನಾಯಕರ ಸಂಸ್ಥಾನ. 1857–58ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು. ಅದಕ್ಕೂ ಮೊದಲು 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ ವಾಗಣಗೇರಿ ಹತ್ತಿರದಲ್ಲೇ ಇದೆ. ಆ ಬಂಡೆಗಳ ನಡುವೆ ಒಂದು ಸಲ ನಡೆದರೆ ಅಷ್ಟು ದೊಡ್ಡ ಸೈನ್ಯ ಯಾಕೆ ತಿಣುಕಿತು ಎಂದು ತಿಳಿಯುತ್ತದೆ. ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಟೇಲರ್ ಮಂಜಿಲ್ ಬಂಗಲೆಯವರೆಗೆ ಹೋಗಿ ಊರನ್ನು ಮೇಲಿನಿಂದ ನೋಡಿ. ಊರಿನಿಂದ ಸ್ವಲ್ಪ ದೂರದಲ್ಲಿ ಬೋನಾಳ ಕೆರೆಯ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಅದಕ್ಕೇ ಈ ಭಾಗಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಎಳ್ಳಮಾವಾಸ್ಯೆಯ ಸುಮಾರಿಗೆ ಹೋದರೆ ಹೊಲಗಳಲ್ಲಿ ಭಜ್ಜಿ, ಸಜ್ಜೆ ರೊಟ್ಟಿಗೆ ಕರೆಯುವವರು ಸಿಗದೆ ಇರುವುದಿಲ್ಲ. ಮಾರ್ಚ್ ಕಳೆದ ಮೇಲೆ ಇಲ್ಲಿನ ಬಂಡೆಗಳು ಹಗಲಿನ ಶಾಖವನ್ನು ರಾತ್ರಿಯವರೆಗೂ ಉಗುಳುತ್ತಿರುತ್ತವೆ.

ಯಾದಗಿರಿಯ ಕೋಟೆಬೆಟ್ಟ ಊರಿನ ನಡುವೆಯೇ ಇದೆ, ಹುಡುಗನಿಗೆ ಒಂದು ಬೆಳಗಿನ ಕೆಲಸ. ಗುರುಮಠಕಲ್ ಕಡೆಯ ನಜರಾಪುರ ಜಲಪಾತವೂ ಚಿಂತನಹಳ್ಳಿಯ ಗವಿಸಿದ್ಧಲಿಂಗೇಶ್ವರ ಗುಡಿಯ ಮುಂದೆ ಬೀಳುವ ಧಾರೆಯೂ ಮಳೆಗಾಲದವೇ. ಎತ್ತಿಪೋತಕ್ಕೆ ಹೇಳಿದ ಎಚ್ಚರಿಕೆ ಅಲ್ಲಿಗೂ ಅನ್ವಯ. ಮೈಲಾಪುರದ ಮಲ್ಲಯ್ಯನ ಬೆಟ್ಟಕ್ಕೆ ಸಂಕ್ರಾಂತಿಯ ಜಾತ್ರೆ ಬಿಟ್ಟು ಬೇರೆ ದಿನ ಹೋಗಿ, ಜಾತ್ರೆಯ ದಿನ ಜನ ಕಾಣುತ್ತಾರೆಯೇ ಹೊರತು ಬೆಟ್ಟ ಕಾಣುವುದಿಲ್ಲ. ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿರುವುದು ಈ ಗುಡ್ಡಗಳಲ್ಲೆಲ್ಲ ಸಾಮಾನ್ಯ. ಅದರ ಕೆಳಗೆ ಹೊಗೆ, ಗದ್ದಲ, ಡ್ರೋನ್ ಯಾವುದೂ ಬೇಡ.

ಮೂರು ದಿನಗಳಲ್ಲಿ ಮೂರು ಜಿಲ್ಲೆಯನ್ನೂ ಮುಗಿಸುವ ಆಸೆ ಬಿಡಿ. ದಸರೆಗೆ ಚಿಂಚೋಳಿ ಮತ್ತು ಬೀದರ್ ಸಾಕು. ಮೊದಲ ದಿನ ಮಧ್ಯಾಹ್ನಕ್ಕೆ ಚಿಂಚೋಳಿ, ಸಂಜೆ ಚಂದ್ರಂಪಳ್ಳಿ. ಎರಡನೆಯ ದಿನ ಬೆಳಿಗ್ಗೆ ಎತ್ತಿಪೋತ ಮುಗಿಸಿ ಮನ್ನಾಎಖೇಳಿ ಮೇಲಿಂದ ಬೀದರಿಗೆ. ಮೂರನೆಯ ದಿನ ಝೀರಾ, ನೌಬಾದ್, ಕೋಟೆ. ಹಿಂದಿರುಗುವಾಗ ಹುಮನಾಬಾದ್, ಕಮಲಾಪುರದ ದಾರಿ. ಕಮಲಾಪುರದಲ್ಲಿ ಕೆಂಪು ಬಾಳೆ ಸಿಕ್ಕರೆ ಬಿಡಬೇಡಿ. ಶಹಾಪುರ, ಸುರಪುರವನ್ನು ಚಳಿಗಾಲದ ಒಂದು ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಿ.

ಏಪ್ರಿಲ್ ಬಿಟ್ಟರೆ ಮಕ್ಕಳಿಗೆ ರಜೆಯೇ ಸಿಗದು ಎಂದಾದರೆ ಬೀದರ್ ಒಂದಕ್ಕೇ ಹೋಗಿ. ಕಲಬುರಗಿಯಿಂದ ರೈಲಿನಲ್ಲಿ ಹೊರಡಿ. 2017ರಲ್ಲಿ ಆರಂಭವಾದ ಈ ಮಾರ್ಗ ಮರಗುತ್ತಿ ಹತ್ತಿರ ಗುಡ್ಡ ಕೊರೆದ ಉದ್ದ ಸುರಂಗದೊಳಗೆ ಹಾದು ಮೇಲೇರುತ್ತದೆ, ಮಕ್ಕಳಿಗೆ ಅದೇ ಒಂದು ಆಟ. ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ಮೇಲೆ ಮಾತ್ರ ತಿರುಗಾಡಿ.

ಟೆಂಟ್ ವಿಷಯ. ಚಿಂಚೋಳಿಯದು ವನ್ಯಜೀವಿಧಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು, ರಾತ್ರಿ ತಂಗುವ ಮಾತು ದೂರವೇ ಉಳಿಯಿತು. ಬೆಂಕಿ ಹಾಕುವುದಂತೂ ಕೂಡದು. ಒಣಹುಲ್ಲಿನ ಕಾಡಿನಲ್ಲಿ ಒಂದು ಕಿಡಿ ಸಾಕು. ಅರಣ್ಯ ಇಲಾಖೆ ತಾನೇ ಗೊತ್ತುಮಾಡಿದ ಜಾಗದಲ್ಲಿ, ಅವರಿಂದಲೇ ಕಾಯ್ದಿರಿಸಿಕೊಂಡು ಉಳಿಯಿರಿ. ಚಿಂಚೋಳಿಯ ವಲಯ ಅರಣ್ಯ ಕಚೇರಿಗೆ ಹೊರಡುವ ಒಂದೆರಡು ವಾರ ಮೊದಲೇ ಹೋಗಿ ಅಥವಾ ಫೋನ್ ಮಾಡಿ, ಎಷ್ಟು ಜನ, ಯಾವ ದಿನ, ವಯಸ್ಸಾದವರಿದ್ದಾರೆ ಎಂದು ತಿಳಿಸಿ. ಎತ್ತಿಪೋತದ ದಾರಿ ಆ ಹೊತ್ತಿಗೆ ಕಾರು ಹೋಗುವಂತಿದೆಯೇ ಎಂದೂ ಅವರನ್ನೇ ಕೇಳಿ.